ಓಟೋ ಮೀನು ನಿಮ್ಮ ಮನೆಯ ಬಿಟ್ಟಿ ಚಾಕರಿಯ ಆಳಲ್ಲ

"ಇದಕ್ಕೆ ಊಟ ಹಾಕುವುದೇ ಬೇಡ ಮೇಡಂ, ಪಾಚಿ ತಿಂದುಕೊಂಡು ತನ್ನ ಪಾಡಿಗೆ ತಾನು ಇರುತ್ತದೆ." ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳವರು ಈ ಮಾತನ್ನು ಯಾವ ಗುರುವಿನ ಬಳಿ ಕಲಿತರೋ ಕಾಣೆ, ಎಲ್ಲರ ಬಾಯಲ್ಲೂ ಅದೇ ಪಾಠ. ಮೊನ್ನೆಯೂ ಕೇಳಿಸಿಕೊಂಡೆ. ನನಗೆ ಹೇಳಿದ್ದಲ್ಲ, ಪಕ್ಕದಲ್ಲಿ ಪುಟ್ಟ ಮಗಳ ಕೈಹಿಡಿದು ನಿಂತಿದ್ದ ಒಬ್ಬ ಹೆಂಗಸಿಗೆ ಹೇಳಿದ್ದು. ಸುಮ್ಮನಿರಲಾಗದೆ ಬಾಯಿ ಹಾಕಿದೆ. ಅಂಗಡಿಯವನ ಮುಖ ಹುಳ್ಳಗಾಯಿತು. "ನಿಮಗೇನು ಬೇಕು ಅದನ್ನು ಹೇಳಿ, ಅವರ ವ್ಯಾಪಾರ ಅವರು ಮಾಡಿಕೊಳ್ಳುತ್ತಾರೆ" ಎಂದ. ಆ ಹೆಂಗಸು ಎರಡು ಓಟೋ ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿಕೊಂಡು, ಅದೇ ಬಿಲ್ಲಿನಲ್ಲಿ ಹೊಸ ಗಾಜಿನ ತೊಟ್ಟಿಯನ್ನೂ ಕೊಂಡು ಹೊರಟರು. ಆ ಮೀನುಗಳ ಗತಿ ಏನೆಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ.

ಓಟೋ, ಪೂರ್ತಿ ಹೆಸರಿನಲ್ಲಿ ಓಟೋಸಿಂಕ್ಲಸ್, ಎಂದರೆ ಎಷ್ಟು ಗಾತ್ರದ ಜೀವ ಗೊತ್ತೇ? ಬೆಳೆದು ನಿಂತರೂ ಮೂರರಿಂದ ನಾಲ್ಕೂವರೆ ಸೆಂಟಿಮೀಟರ್. ಮೂತಿಯಿಂದ ಬಾಲದವರೆಗೆ ಮಸಿ ಬಣ್ಣದ ಒಂದು ಪಟ್ಟೆ, ಮೈಮೇಲೆ ಹುರುಪೆಯ ಬದಲು ಸಣ್ಣ ಸಣ್ಣ ಎಲುಬಿನ ಫಲಕಗಳು, ಗಾಜಿಗೆ ಅಂಟಿಕೊಳ್ಳುವ ಬಟ್ಟಲು ಬಾಯಿ. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ, ಪರಾನಾ ನದಿಗಳ ಹೊಳೆ ತೊರೆಗಳು ಇವುಗಳ ತವರು. ಗಪ್ಪಿ, ಮೋಲಿಗಳಂತೆ ಚೆನ್ನೈನ ಕೊಳತ್ತೂರಿನ ತೊಟ್ಟಿಗಳಲ್ಲಿ ಮರಿ ಮಾಡಿಸಿ ಮಾರುವ ಮೀನಲ್ಲ ಇದು. ಅಂಗಡಿಗೆ ಬರುವ ಓಟೋಗಳಲ್ಲಿ ಬಹುಪಾಲು ಕಾಡಿನ ನೀರಿನಲ್ಲಿ ಬಲೆ ಹಾಕಿ ಹಿಡಿದವು. ಅಲ್ಲಿಂದ ರಫ್ತುದಾರ, ವಿಮಾನ, ಆಮದುದಾರ, ಸಗಟು ವ್ಯಾಪಾರಿ, ಕೊನೆಗೆ ನಮ್ಮ ರಸ್ತೆಯ ಅಂಗಡಿ. ದಾರಿಯುದ್ದಕ್ಕೂ ಹೊಟ್ಟೆಗೆ ತಣ್ಣೀರು ಬಟ್ಟೆ. ಅಂಗಡಿಯ ಬರಿಯ ಗಾಜಿನ ತೊಟ್ಟಿಯಲ್ಲಿ ಪಾಚಿಯ ಒಂದು ಚುಕ್ಕೆಯೂ ಇರುವುದಿಲ್ಲ. ಹಾಗೆ ಸೊರಗಿ ಬಂದ ಪ್ರಾಣಿಯನ್ನು ತೋರಿಸಿ, ಇದಕ್ಕೆ ಊಟ ಬೇಡ ಎನ್ನಲು ನಾಲಿಗೆಯಾದರೂ ಹೇಗೆ ಬರುತ್ತದೆ?

ಕೊಳ್ಳುವವರೂ ಕಡಿಮೆಯೇನಿಲ್ಲ. ತರಕಾರಿ ಅಂಗಡಿಯಲ್ಲಿ ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ, ತೊಟ್ಟು ನೋಡಿ, ಹುಳುಕು ಹುಡುಕಿ ಕೊಳ್ಳುವ ಜನ ಮೀನಿನ ಹೊಟ್ಟೆಯನ್ನು ಒಮ್ಮೆ ನೋಡುವುದಿಲ್ಲ. ಓಟೋ ಗಾಜಿಗೆ ಅಂಟಿಕೊಂಡಾಗ ಅದರ ಹೊಟ್ಟೆ ನಮ್ಮ ಕಣ್ಣೆದುರಿಗೇ ಇರುತ್ತದೆ. ಬಾಯಿಯ ಬಟ್ಟಲಿನಿಂದ ಹಿಂದಿನ ಈಜುರೆಕ್ಕೆಗಳವರೆಗಿನ ಭಾಗ ಕೆನೆಬಣ್ಣಕ್ಕಿದ್ದು, ತುಸು ಉಬ್ಬಿದ್ದರೆ ತಿಂದುಂಡ ಮೀನು. ಅದೇ ಭಾಗ ಒಳಕ್ಕೆ ಕುಸಿದು, ಬೆರಳಿನಿಂದ ಒತ್ತಿದಂತೆ ಗುಳಿ ಬಿದ್ದಿದ್ದರೆ ದಿನಗಟ್ಟಲೆ ಉಪವಾಸವಿದ್ದ ಮೀನು. ಅಂಥದ್ದನ್ನು ಮನೆಗೆ ತಂದು ಏನೇ ಉಪಚಾರ ಮಾಡಿದರೂ ಉಳಿಯುವುದು ಕಷ್ಟ. ಅಂಗಡಿಯವನಿಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಬಂದ ದಿನವೇ ದಾಟಿಸುವ ಅವಸರ. ಸತ್ತರೆ ನಿಮ್ಮ ಮನೆಯಲ್ಲಿ ಸಾಯಲಿ ಎಂಬ ಲೆಕ್ಕಾಚಾರ.

ಇನ್ನು ಆ ಹೊಸ ತೊಟ್ಟಿಯ ವಿಷಯ. ಬೆಳಿಗ್ಗೆ ತೊಟ್ಟಿ ಕೊಂಡು, ಮಧ್ಯಾಹ್ನ ನೀರು ತುಂಬಿಸಿ, ಸಂಜೆ ಮೀನು ಬಿಡುವುದು ನಮ್ಮಲ್ಲಿ ಸಂಪ್ರದಾಯವೇ ಆಗಿಬಿಟ್ಟಿದೆ. ಮೀನಿನ ಹೇಸಿಗೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಓಟೋದಂಥ ಸೂಕ್ಷ್ಮ ಮೀನಿಗಂತೂ ಅಷ್ಟೂ ಸಾಲದು. ಕೆಲವು ತಿಂಗಳು ನಡೆದು, ಕಲ್ಲು ಕೊರಡುಗಳ ಮೇಲೆ ಕಣ್ಣಿಗೆ ಕಾಣದ ಜೀವಪದರ ಹಿಡಿದ ತೊಟ್ಟಿಯೇ ಬೇಕು. ಅದರ ಮೇಲೆ ನಮ್ಮ ಗಡಸು ಬೋರ್‌ವೆಲ್ ನೀರು ಬೇರೆ. ನೀರಿನ ಕ್ಷಾರಗುಣ ಹೇಳುವ ಪಿಎಚ್ ಅಳತೆ 7ರಿಂದ 8ಕ್ಕೆ ಏರಿದರೆ ಅಮೋನಿಯದಲ್ಲಿ ನಿಜವಾಗಿ ವಿಷವಾಗಿರುವ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರು ಇದಕ್ಕಿಂತ ಮೆದು, ನಿಜ, ಆದರೆ ಅದರಲ್ಲಿ ಕ್ಲೋರಿನ್ ಇದೆ, ನಲ್ಲಿಯಿಂದ ನೇರವಾಗಿ ತೊಟ್ಟಿಗೆ ಸುರಿಯುವಂತಿಲ್ಲ. ಇದನ್ನೆಲ್ಲ ಹೇಳುವುದು ಮಾರುವವನ ಕೆಲಸ. ಅವನು ಹೇಳುವುದು ಒಂದೇ: "ಕವರನ್ನು ಹದಿನೈದು ನಿಮಿಷ ತೇಲಿಸಿ, ಆಮೇಲೆ ಬಿಟ್ಟುಬಿಡಿ." ಒಂದು ನೀರಿನಿಂದ ಇನ್ನೊಂದು ನೀರಿಗೆ ಓಟೋವನ್ನು ಹಾಗೆ ಎತ್ತಿ ಹಾಕಿದರೆ ಆಘಾತದಿಂದಲೇ ಸಾಯಬಹುದು. ಗಾಳಿಯ ಸಣ್ಣ ಪೈಪಿಗೆ ಸಡಿಲವಾಗಿ ಒಂದು ಗಂಟು ಹಾಕಿ, ತೊಟ್ಟಿಯ ನೀರನ್ನು ಹನಿ ಹನಿಯಾಗಿ ಒಂದು ಗಂಟೆಯಾದರೂ ಮೀನಿರುವ ಬಕೆಟ್ಟಿಗೆ ಇಳಿಸಿ ಹೊಂದಿಸಬೇಕು. ಖರ್ಚು ಏನೂ ಇಲ್ಲ, ತಾಳ್ಮೆ ಮಾತ್ರ ಬೇಕು. ಅದೇ ಇಲ್ಲವಲ್ಲ.

ನಮ್ಮ ಭಾವನವರ ಹೊಸ ಮನೆಯ ಗೃಹಪ್ರವೇಶಕ್ಕೆ ಯಾರೋ ಪುಣ್ಯಾತ್ಮರು ಅಕ್ವೇರಿಯಂ ಉಡುಗೊರೆ ಕೊಟ್ಟರು. ವಾಸ್ತು ಹೇಳುವವರೊಬ್ಬರು ಎಂಟು ಬಂಗಾರದ ಬಣ್ಣದವು, ಒಂದು ಕಪ್ಪು, ಒಟ್ಟು ಒಂಬತ್ತು ಮೀನು ಇರಲೇಬೇಕು ಎಂದರು. ಒಂಬತ್ತು ಗೋಲ್ಡ್‌ಫಿಷ್‌ಗಳನ್ನು ಎರಡಡಿ ತೊಟ್ಟಿಯಲ್ಲಿ ತುಂಬಿದರು. ಬಂದವರೆಲ್ಲ ನೋಡಲಿ ಎಂದು ಬಣ್ಣದ ಎಲ್‌ಇಡಿ ದೀಪ ಬೆಳಗಿನಿಂದ ನಡುರಾತ್ರಿಯವರೆಗೆ ಉರಿಯಿತು. ಕಿಟಕಿಯ ಬಿಸಿಲು ಬೇರೆ. ಮಕ್ಕಳು, ನೆಂಟರು, ಅಡುಗೆಯವರು ಎಲ್ಲರೂ ಒಂದೊಂದು ಚಿಟಿಕೆ ಕಾಳು ಹಾಕಿದರು. ಗಾಜು ಹಸಿರಾಗದೆ ಇನ್ನೇನಾದೀತು? ಆಗ ನನಗೆ ಫೋನು: "ಪಾಚಿ ತಿನ್ನುವ ನಿನ್ನ ಮೀನು ಎಲ್ಲಿ ಸಿಗುತ್ತದೆ?" ದೀಪವನ್ನು ಆರೇಳು ಗಂಟೆಗೆ ಇಳಿಸಿ, ಕಾಳು ಕಡಿಮೆ ಮಾಡಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ ಎಂದೆ. ಭಾವನವರಿಗೆ ಅದು ಪರಿಹಾರ ಎನಿಸಲಿಲ್ಲ. ದುಡ್ಡು ಕೊಟ್ಟು ತರುವಂಥದ್ದೇ ಪರಿಹಾರ.

ಹೋಗಲಿ, ಪಾಚಿಯಲ್ಲಿ ಯಾವ ಪಾಚಿ ಎಂದಾದರೂ ಯಾರಾದರೂ ಕೇಳುತ್ತಾರೆಯೇ? ಓಟೋ ತಿನ್ನುವುದು ಕಂದು ಬಣ್ಣದ ಮೆತ್ತನೆಯ ಡಯಾಟಮ್ ಪದರ, ಎಳೆಯ ಹಸಿರು ಪಾಚಿ, ಅದರೊಳಗಿನ ಸೂಕ್ಷ್ಮಜೀವಿಗಳು. ಕೊರಡಿನ ಅಂಚಿಗೆ ಗಡ್ಡದಂತೆ ಬೆಳೆಯುವ ಕಪ್ಪು ಪಾಚಿಯನ್ನು ಅದು ಮುಟ್ಟುವುದಿಲ್ಲ. ಗಾಜಿನ ಮೇಲಿನ ಗಟ್ಟಿ ಹಸಿರು ಚುಕ್ಕೆಗಳನ್ನು ಕೆರೆಯುವ ಶಕ್ತಿ ಅದಕ್ಕಿಲ್ಲ. ಲೋಳೆಲೋಳೆಯಾಗಿ ಹಾಸುವ, ವಾಸನೆ ಹೊಡೆಯುವ ನೀಲಿ-ಹಸಿರು ಪದರ ಪಾಚಿಯೇ ಅಲ್ಲ, ಅದು ಸೈನೋಬ್ಯಾಕ್ಟೀರಿಯಾ. ಮೀನಿನ ಹೇಸಿಗೆಯನ್ನೂ ಓಟೋವೇ ತಿಂದು ತೀರಿಸುತ್ತದೆ ಎಂದು ನಂಬಿದವರು ಇದ್ದಾರೆ. ಇಂಥವರಿಗೆ ಏನು ಹೇಳುವುದು!

ಓಟೋ ಸಿಗದಿದ್ದರೆ ಅಂಗಡಿಯವನು ಬರಿಗೈಯಲ್ಲಿ ಕಳಿಸುವುದಿಲ್ಲ. "ಎಲ್ಲ ಒಂದೇ" ಎಂದು ಸಕ್ಕರ್ ಮೀನನ್ನು ಕೈಗಿಡುತ್ತಾನೆ. ಬೆರಳುದ್ದದ ಆ ಮರಿ ಒಂದಡಿ ದಾಟಿ ಬೆಳೆಯುತ್ತದೆ ಎನ್ನುವುದನ್ನು ನುಂಗಿಕೊಳ್ಳುತ್ತಾನೆ. ಇಲ್ಲವೇ ಹಳದಿ ಬಣ್ಣದ ಚೈನೀಸ್ ಆಲ್ಗೀ ಈಟರ್ ಕೊಡುತ್ತಾನೆ. ಅದು ಮರಿಯಾಗಿದ್ದಾಗ ಪಾಚಿ ತಿನ್ನುತ್ತದೆ. ದೊಡ್ಡದಾದ ಮೇಲೆ ಪಾಚಿಯ ರುಚಿ ಮರೆತು ಏಂಜಲ್ ಮೀನಿನಂಥ ಅಗಲ ಮೈಯವುಗಳ ಪಕ್ಕೆಗೆ ಅಂಟಿಕೊಂಡು ಲೋಳೆ ಹೀರುತ್ತದೆ. ಸಕ್ಕರ್ ದೊಡ್ಡದಾಗಿ ತೊಟ್ಟಿಯಲ್ಲಿ ತಿರುಗಲು ಜಾಗವಿಲ್ಲದಂತಾದಾಗ ಜನ ಏನು ಮಾಡುತ್ತಾರೆ? ರಾತ್ರೋರಾತ್ರಿ ಹತ್ತಿರದ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎಂದು ಬೀಗುತ್ತಾರೆ. ಕೇರಳ, ಆಂಧ್ರ, ಬಂಗಾಳ, ಉತ್ತರ ಪ್ರದೇಶಗಳ ನೀರಿನಲ್ಲೆಲ್ಲ ಈ ಮೀನು ನೆಲೆಯೂರಿದೆ. ಮೀನುಗಾರರ ಬಲೆಗೆ ಸಿಕ್ಕಿ ಮುಳ್ಳಿನಿಂದ ಬಲೆಯನ್ನೇ ಹರಿಯುತ್ತದೆ. ಕೊಂಡದ್ದು ಇವರು, ಬಲೆ ಹೊಲಿಯುವುದು ಇನ್ಯಾರೋ.

ಓಟೋಗೆ ಏನು ಹಾಕಬೇಕು ಎಂದು ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಕೇಳಿದವರಿಗೆ ಸಂತೋಷದಿಂದ ಹೇಳುತ್ತೇನೆ, ಆ ಕ್ಷಣಕ್ಕೆ ಸಿಟ್ಟೆಲ್ಲ ಇಳಿಯುತ್ತದೆ. ತೊಟ್ಟಿಯ ಪಾಚಿ ಒಂದು ಗುಂಪಿಗೆ ಕೆಲವು ದಿನಕ್ಕೂ ಸಾಲುವುದಿಲ್ಲ. ಗುಂಪು ಎಂದರೆ ಆರಾದರೂ ಇರಬೇಕು, ಒಂಟಿ ಓಟೋ ಹೆದರಿ ಮೂಲೆ ಸೇರುತ್ತದೆ. ನಾನು ಬಾಲ್ಕನಿಯಲ್ಲಿ ಒಂದು ಹಳೆಯ ಟಬ್ಬಿಗೆ ತೊಟ್ಟಿಯಿಂದ ತೆಗೆದ ನೀರನ್ನೇ ತುಂಬಿ, ನುಣುಪಾದ ಹೊಳೆಗಲ್ಲುಗಳನ್ನು ಹಾಕಿ ಬಿಸಿಲಿಗೆ ಇಟ್ಟಿದ್ದೇನೆ. ಕಲ್ಲಿನ ಮೇಲೆ ಎಳೆ ಹಸಿರು ಹಿಡಿಯುತ್ತಿದ್ದಂತೆ ಅದನ್ನು ಒಳಗೆ ಇಳಿಸಿ, ನೆಕ್ಕಿ ಬೋಳಾದ ಕಲ್ಲನ್ನು ಹೊರಗೆ ತರುತ್ತೇನೆ. ಸೊಳ್ಳೆ ಮರಿ ಮಾಡದಂತೆ ಟಬ್ಬಿನ ಮೇಲೆ ಬಲೆ ಬಿಗಿದಿದೆ. ಸೌತೆಕಾಯಿಯ ಬಿಲ್ಲೆಯನ್ನೋ ಪಾಲಕ್ ಎಲೆಯನ್ನೋ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಸ್ಟೀಲಿನ ಫೋರ್ಕಿಗೆ ಚುಚ್ಚಿ, ರಾತ್ರಿ ದೀಪ ಆರಿಸಿದ ಮೇಲೆ ಇಳಿಸುತ್ತೇನೆ. ಬೆಳಿಗ್ಗೆ ತೆಗೆಯದಿದ್ದರೆ ಅದೇ ಕೊಳೆತು ನೀರು ಕೆಡಿಸುತ್ತದೆ. ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆಯನ್ನು ತೊಳೆದು ಹಾಕಿದರೆ ಅದರ ಮೇಲೂ ಜೀವಪದರ ಕಟ್ಟುತ್ತದೆ. ಹೊಸ ಓಟೋಗಳಿಗೆ ಸೌತೆಕಾಯಿ ಆಹಾರವೆಂದೇ ತಿಳಿಯುವುದಿಲ್ಲ. ಮೊದಲ ರಾತ್ರಿಗಳಲ್ಲಿ ಹತ್ತಿರವೂ ಸುಳಿಯುವುದಿಲ್ಲ. ಒಂದು ಧೈರ್ಯ ಮಾಡಿ ಅಂಟಿಕೊಂಡರೆ ಉಳಿದವು ಹಿಂಬಾಲಿಸುತ್ತವೆ. ಆಮೇಲೆ ನೋಡಬೇಕು, ಬಿಲ್ಲೆಯ ಸುತ್ತ ಬಾಲಗಳೆಲ್ಲ ಹೊರಕ್ಕೆ, ಬೀಜದ ಭಾಗ ಮೊದಲು ಖಾಲಿ, ಕೊನೆಗೆ ಸಿಪ್ಪೆಯ ಉಂಗುರ ಮಾತ್ರ. ಹೊಟ್ಟೆ ತುಂಬಿದ ಓಟೋ ಎಲೆಯ ಮೇಲೆ ಕೂತು ಕಣ್ಣನ್ನು ಕೆಳಕ್ಕೆ ಹೊರಳಿಸುವುದು ನಮಗೆ ಕಣ್ಣು ಹೊಡೆದಂತೆಯೇ ಕಾಣುತ್ತದೆ.

ಇಂಥ ಮೀನಿನ ಜೊತೆಗೆ ಆಸ್ಕರ್ ಎಂಬ ದೊಡ್ಡ ಮೀನು ಬಿಡುವವರಿದ್ದಾರೆ! ಬಾಯಿಗೆ ಹಿಡಿಯುವುದನ್ನೆಲ್ಲ ಆಸ್ಕರ್ ನುಂಗುತ್ತದೆ. ಓಟೋ ಈಜುರೆಕ್ಕೆಯ ಮುಳ್ಳನ್ನು ಸೆಟೆಸಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೂ ಸಾಯುತ್ತವೆ. ಟೆಟ್ರಾ, ರಾಸ್‌ಬೋರಾ, ಕೋರಿಡೋರಾಸ್‌ನಂಥ ಸಾಧು ಮೀನುಗಳ ಜೊತೆ ಇದ್ದರೆ ಸಾಕು.

ಔಷಧಿಯ ಕಥೆ ಇನ್ನೊಂದು. ತೊಟ್ಟಿಯಲ್ಲಿ ಯಾವ ಮೀನಿಗೆ ಏನಾದರೂ ಅಂಗಡಿಯಿಂದ ಬರುವುದು ಒಂದೇ ನೀಲಿ ಬಾಟಲಿ, ಜೊತೆಗೆ ಹಿಡಿ ಕಲ್ಲುಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಇಲ್ಲಿ ಗಪ್ಪಿಗೆ ಬಿಳಿ ಚುಕ್ಕೆ ಬಂದರೆ ಓಟೋಗೂ ಬರೆ. ಆ ಬಾಟಲಿಯ ಮೆಥಿಲೀನ್ ಬ್ಲೂ ಸುರಿದರೆ ವಾರಗಟ್ಟಲೆ ಕಾದು ಬೆಳೆಸಿದ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಏಟು. ತಾಮ್ರ ಇರುವ ಔಷಧಿಯನ್ನು ಓಟೋ ತಡೆದುಕೊಳ್ಳುವುದಿಲ್ಲ. ರೋಗ ಬಂದ ಮೀನನ್ನು ಬೇರೆ ತೊಟ್ಟಿಗೆ ಹಾಕಿ ಚಿಕಿತ್ಸೆ ಮಾಡಿ ಎಂದರೆ "ಒಂದು ಮೀನಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ, ಹೊಸದು ತಂದರಾಯಿತು" ಎಂಬ ಉತ್ತರ. ಬೆಲೆ ಕಡಿಮೆ ಇದ್ದುದಕ್ಕೆ ಪ್ರಾಣವೂ ಅಗ್ಗವಾಯಿತು.

ಕಾನೂನು ಏನಾದರೂ ಕಾಯುತ್ತದೆಯೇ ಎಂದರೆ, 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ತಂದಿತ್ತು. ಗುಂಡು ಬಟ್ಟಲಿನಲ್ಲಿ ಮೀನು ಇಡಬಾರದು ಎಂಬುದೂ ಅದರಲ್ಲಿತ್ತು. ವ್ಯಾಪಾರಿಗಳ ಗದ್ದಲವೆದ್ದಿತು, ನಿಯಮ ವಾಪಸಾಯಿತು. ಆ ನಿಯಮದಲ್ಲಿ ಹುಳುಕುಗಳಿದ್ದವು, ಇಲ್ಲವೆನ್ನುವುದಿಲ್ಲ. ತಿದ್ದಬಹುದಿತ್ತು. ಗುಂಡು ಬಟ್ಟಲುಗಳು ಮಾತ್ರ ಇವತ್ತಿಗೂ ಅಂಗಡಿಯ ಮುಂದೆ ಸಾಲಾಗಿ ಕೂತಿವೆ.

ಇಷ್ಟೆಲ್ಲ ಕುದಿಯುತ್ತಿರುವಾಗಲೇ ನಿನ್ನೆ ಎದುರು ಮನೆಯವರು ಬಾಗಿಲು ತಟ್ಟಿದರು. "ಹಬ್ಬಕ್ಕೆ ನೆಂಟರು ಬರುತ್ತಾರೆ, ನಮ್ಮ ಅಕ್ವೇರಿಯಂ ಗಾಜು ಗಲೀಜಾಗಿದೆ. ನಿಮ್ಮ ಆ ಸಣ್ಣ ಮೀನುಗಳನ್ನು ಒಂದು ವಾರದ ಮಟ್ಟಿಗೆ ಕೊಡುತ್ತೀರಾ? ಕ್ಲೀನ್ ಆದ ಮೇಲೆ ವಾಪಸು ಕೊಡುತ್ತೇವೆ." ಮಾತು ಬರಲಿಲ್ಲ. ಒಳಗೆ ಹೋಗಿ, ಅವಧಿ ಮುಗಿದ ಎಟಿಎಂ ಕಾರ್ಡು ಒಂದನ್ನು ತಂದು ಕೈಗಿಟ್ಟೆ. ಇದರ ಅಂಚಿನಿಂದ ಗಾಜು ಕೆರೆಯಿರಿ, ಐದು ನಿಮಿಷದಲ್ಲಿ ಪಾಚಿ ಹೋಗುತ್ತದೆ, ವಾಪಸು ಕೊಡುವುದೂ ಬೇಡ ಎಂದೆ. ಅವರಿಗೆ ಬೇಜಾರಾಗಿದೆಯಂತೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹೇಳದೆ ಏನೋ ಬರೆದಿದ್ದಾರೆ. ಬರೆದುಕೊಳ್ಳಲಿ.