ರಿವರ್ಸ್ ಇದ್ದ ಜಾಗ

ನಮ್ಮ ಮನೆಯ ಹಳೆಯ ಫೋರ್ ವೀಲ್, ಅಂದರೆ ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಕೊಡಬಲ್ಲ ಪಿಕಪ್ಪಿಗೆ ಮೂರನೇ ಗೇರನ್ನು ಹಾಕಿದರೆ ಸಾಲದು, ಹಿಡಿದುಕೊಂಡೂ ಇರಬೇಕಾಗಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ‘ಟಕ್’ ಎಂದು ನ್ಯೂಟ್ರಲ್ಲಿಗೆ ಹಾರಿಬಿಡುತ್ತಿತ್ತು. ಅಪ್ಪಯ್ಯ ಅದಕ್ಕೆಂದೇ ಎಡಮೊಣಕಾಲನ್ನು ಲಿವರಿಗೆ ಒತ್ತಿಕೊಂಡು ಓಡಿಸುವ ಭಂಗಿಯೊಂದನ್ನು ರೂಢಿಸಿಕೊಂಡಿದ್ದರು. ನನಗೂ ಅದು ಪಿತ್ರಾರ್ಜಿತವಾಗಿ ಬಂದಿತ್ತು. ಸೊಸೈಟಿಯ ಮೀಟಿಂಗಿನಲ್ಲಿ ಕುರ್ಚಿಯ ಮೇಲೆ ಕುಳಿತರೂ ಎಡಗಾಲು ತಾನಾಗಿಯೇ ವಾರೆಯಾಗುತ್ತಿತ್ತು. ಇನ್ನು ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಅಡಿಕೆ ಮೂಟೆ ಹೊತ್ತೂ ಹೊತ್ತೂ ಬಿಲ್ಲಿನ ಆಕಾರ ಕಳೆದುಕೊಂಡು ಚಪ್ಪಟೆಯಾಗಿದ್ದವು.

ಹೋದ ವರ್ಷ ಅಡಿಕೆ ಧಾರಣೆ ಚೆನ್ನಾಗಿತ್ತು. ಧಾರಣೆ ಚೆನ್ನಾಗಿದ್ದಾಗ ಮಲೆನಾಡಿನವನ ಬುದ್ಧಿ ಸ್ವಲ್ಪ ಸಡಿಲವಾಗುತ್ತದೆ. ಸಾಗರದಿಂದ 70 ಕಿ.ಮೀ. ಮೊಣಕಾಲು ಒತ್ತಿಕೊಂಡು ಶಿವಮೊಗ್ಗದ ಗ್ಯಾರೇಜೊಂದಕ್ಕೆ ಹೋದೆ. ಮೆಕ್ಯಾನಿಕ್ ಸಾಬರು ಗಾಡಿಯ ಅಡಿಗೆ ನುಸುಳಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು, “ಭಟ್ಟರೇ, ನಾಲ್ಕು ಗೇರಿನ ಈ ಡಬ್ಬಿಯನ್ನು ರಿಪೇರಿ ಮಾಡುವ ಬದಲು ಐದು ಗೇರಿನದನ್ನೇ ಕೂರಿಸಿಬಿಡೋಣ” ಎಂದರು. ಆ ‘ಬಿಡೋಣ’ ಎಂಬ ಪದ ಎಷ್ಟು ದುಬಾರಿ ಎಂದು ನನಗೆ ಆಗ ಗೊತ್ತಿರಲಿಲ್ಲ.

ಹೊಸ ಗೇರ್‌ಬಾಕ್ಸ್ ಹಳೆಯದಕ್ಕಿಂತ ಉದ್ದ. ಅದರ ಬಾಲಕ್ಕೆ ಅಂಟಿಕೊಂಡು, ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಫೋರ್ ವೀಲ್ ಡಬ್ಬಿ ಅಷ್ಟೇ ಹಿಂದಕ್ಕೆ ಸರಿಯಿತು. ಹಾಗಾಗಿ ಆ ಶಕ್ತಿಯನ್ನು ಚಕ್ರಗಳ ಕಡೆಗೆ ಒಯ್ಯುವ ದಂಡಗಳಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಬೇಕು, ಮುಂದಿನದನ್ನು ಉದ್ದ ಮಾಡಿಸಬೇಕು. ಇಲ್ಲಿ ಕತ್ತರಿಸಿದ್ದನ್ನೇ ಅಲ್ಲಿಗೆ ಬೆಸೆದರಾಗದೇ ಎಂದು ಕೇಳಿದೆ. ಸಾಬರು ಉತ್ತರ ಕೊಡದೆ ಬೀಡಿ ಹಚ್ಚಿದರು. ಶಾಫ್ಟ್ ಲೇತಿಗೆ ಹೋಯಿತು. ಹೊಸ ಡಬ್ಬಿಯ ಹಲ್ಲಿಗೆ ಹಳೆಯ ಕ್ಲಚ್ ಪ್ಲೇಟ್ ಕೂರಲಿಲ್ಲ. ಅದೂ ಹೊಸದು ಬಂತು. ಗೇರ್ ಎಣ್ಣೆಯನ್ನಾದರೂ ನಾನೇ ತರುತ್ತೇನೆಂದು ಅಂಗಡಿಗೆ ಹೋಗಿ, ಎಣ್ಣೆಯ ದರ್ಜೆಯಲ್ಲಿ ‘ಜಿಎಲ್-4’ಕ್ಕಿಂತ ‘ಜಿಎಲ್-5’ ಒಂದು ಅಂಕಿ ಹೆಚ್ಚು, ಮೇಲಿನದೇ ಇರಬೇಕೆಂದು ಅದನ್ನೇ ತಂದೆ. ಅದರಲ್ಲಿರುವ ಗಂಧಕದ ಮದ್ದು ಒಳಗಿನ ಹಿತ್ತಾಳೆಯ ಉಂಗುರಗಳನ್ನು ತಿನ್ನಬಹುದೆಂದು ಸಾಬರು ಡಬ್ಬವನ್ನು ವಾಪಸ್ ಕಳಿಸಿದರು.

ಹಿಂದಕ್ಕೆ ಎರಡೆರಡು ಪ್ಲೇಟು ಹೆಚ್ಚುವರಿ, ಹೊಸ ಯು-ಬೋಲ್ಟು, ಬುಷ್, ಶಾಕ್ ಅಬ್ಸಾರ್ಬರ್. ಗಾಡಿ ಎದ್ದು ನಿಂತಿತು. ಎಷ್ಟು ಎದ್ದಿತೆಂದರೆ, ಮನೆಗೆ ತಂದ ದಿನ ಅಮ್ಮ ಹತ್ತಲಾಗದೆ ಊಟದ ಮಣೆ ತರಿಸಿಕೊಂಡರು. ಅಂದಿನಿಂದ ಗಾಡಿಯ ಟೂಲ್ ಬಾಕ್ಸಿನಲ್ಲಿ ಜಾಕ್ ಇಲ್ಲದಿದ್ದರೂ ಮಣೆ ಇರುತ್ತದೆ.

ಭಾರಕ್ಕೆಂದು ಮಾಡಿಸಿದ ಪ್ಲೇಟುಗಳಿಗೆ ಭಾರವೇ ಬೇಕು. ಖಾಲಿ ಗಾಡಿ ನಮ್ಮ ಮಣ್ಣುರಸ್ತೆಗೆ ಇಳಿದರೆ ಹುರಿಯುವ ಬಾಣಲೆಯ ಅರಳಿನಂತೆ ನಾವೆಲ್ಲ ಸೀಟಿನಿಂದ ಚಿಮ್ಮುತ್ತಿದ್ದೆವು. ಫೋನಿನಲ್ಲಿ ದೂರಿದ್ದಕ್ಕೆ, “ಹಿಂದೆ ಏನಾದರೂ ತುಂಬಿಕೊಳ್ಳಿ” ಎಂಬ ಪರಿಹಾರ ಬಂತು. ಆರು ಮೂಟೆ ಕೆಮ್ಮಣ್ಣು ತುಂಬಿದೆ. ಸೊಂಟಕ್ಕೆ ಹಿತವಾಯಿತು, ಡೀಸೆಲ್ ಹೆಚ್ಚು ಕುಡಿಯತೊಡಗಿತು. ಪೇಟೆಯಲ್ಲಿ ಕಂಡವರೆಲ್ಲ ಮಣ್ಣನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು ಕೇಳುತ್ತಿದ್ದರು. ಎಲ್ಲಿಗೂ ಇಲ್ಲ ಎಂದರೆ ನಂಬುವವರಿಲ್ಲ. ಇಷ್ಟೆಲ್ಲ ಮಾಡಿ ಪಡೆದ ಐದನೇ ಗೇರು ನನಗೆ ಬಿದ್ದದ್ದು ಆಯನೂರಿನಿಂದ ಶಿವಮೊಗ್ಗದ ಕಡೆಗೆ ಒಂದೇ ಒಂದು ಸಲ. ಅಷ್ಟರಲ್ಲಿ ಎದುರಿಗೆ ಎಮ್ಮೆ ಬಂತು.

ನಿಜವಾದ ಕಥೆ ಮನೆಯಂಗಳದಲ್ಲಿ ಆಯಿತು. ಹಳೆಯ ಡಬ್ಬಿಯಲ್ಲಿ ರಿವರ್ಸ್ ಇದ್ದದ್ದು ಎಡತುದಿಗೆ ಸರಿಸಿ ಮೇಲಕ್ಕೆ. ಹೊಸದರಲ್ಲಿ ಅದೇ ಜಾಗದಲ್ಲಿ ಒಂದನೇ ಗೇರು. ರಿವರ್ಸ್ ಬಲತುದಿಯ ಕೆಳಗೆ. ತಲೆಗೆ ಇದು ಗೊತ್ತಿತ್ತು, ಕೈಗೆ ಯಾರೂ ಹೇಳಿರಲಿಲ್ಲ. ಒಂದು ಜುಲೈ ಸಂಜೆ, ಗೊಬ್ಬರದಗುಂಡಿಯ ಎದುರು ನಿಂತಿದ್ದ ಗಾಡಿಯನ್ನು ಹಿಂದಕ್ಕೆ ತೆಗೆಯಲು ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿಸಿ, ಎಡಕ್ಕೆ ಸರಿಸಿ, ಮೇಲಕ್ಕೆ ತಳ್ಳಿ, ಕ್ಲಚ್ ಬಿಟ್ಟೆ. ಹಿಂದೆ ಕಾಣುತ್ತಿದ್ದ ಕೊಟ್ಟಿಗೆ ಹತ್ತಿರ ಬರುವ ಬದಲು ದೂರ ಹೋಯಿತು. ಮುಂದಿನೆರಡು ಚಕ್ರಗಳು ಮೆತ್ತಗೆ, ಮರ್ಯಾದೆಯಿಂದ ಗುಂಡಿಗೆ ಇಳಿದವು. ಹೊಸ ಶಾಕ್ ಅಬ್ಸಾರ್ಬರಿನ ಗುಣವನ್ನು ನಾನು ಮೆಚ್ಚಿಕೊಂಡದ್ದು ಆಗಲೇ.

“ಫೋರ್ ವೀಲ್ ಇರುವುದು ಇದಕ್ಕೇ” ಎಂದು ಜಗುಲಿಯ ಮೇಲಿದ್ದವರಿಗೆ ಕೇಳುವಂತೆ ಹೇಳಿ ಸಣ್ಣ ಲಿವರ್ ಎಳೆದು, ರಿವರ್ಸ್ ಕೊಟ್ಟೆ. ಹಿಂದಿನ ಚಕ್ರಗಳು ನೆನೆದ ಅಂಗಳವನ್ನು ಉತ್ತವು. ಮುಂದಿನವು ಅಲುಗಲಿಲ್ಲ. ಆಮೇಲೆ ನೆನಪಾಯಿತು: ಟಾರು ರಸ್ತೆಯಲ್ಲಿ ಮುಂದಿನ ಆಕ್ಸಲ್ ಸುಮ್ಮನೆ ತಿರುಗಿ ಸವೆಯದಿರಲಿ ಎಂದು ಸಾಬರು ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸುವ, ಬಿಡಿಸುವ ಎರಡೂ ಹಬ್‌ಗಳನ್ನು ‘ಫ್ರೀ’ಗೆ ತಿರುಗಿಸಿಟ್ಟಿದ್ದರು. ಅವನ್ನು ‘ಲಾಕ್’ ಮಾಡದೆ ಒಳಗೆ ಕುಳಿತು ಯಾವ ಲಿವರ್ ಎಳೆದರೂ ಮುಂದಿನ ಚಕ್ರಕ್ಕೆ ಶಕ್ತಿ ಮುಟ್ಟುವುದಿಲ್ಲ. ತಿರುಗಿಸುವ ಬಿರಡೆ ಇರುವುದು ಚಕ್ರದ ನಡುಮಧ್ಯದಲ್ಲಿ. ಚಕ್ರದ ನಡುಮಧ್ಯ ಇದ್ದದ್ದು ಸೆಗಣಿಯ ಒಳಗೆ.

ಪಂಚೆ ಮೇಲೆ ಕಟ್ಟಿ ಇಳಿದೆ. ಬಲಗಡೆಯದು ಮೊಣಕೈವರೆಗೆ ಕೇಳಿತು, ಎಡಗಡೆಯದು ಹೆಗಲವರೆಗೆ. ಆಮೇಲೆ ಸಣ್ಣ ಲಿವರನ್ನು ನಿಧಾನಕ್ಕೆ, ಬಲವಾಗಿ ಎಳೆಯುವ ‘ಲೋ’ಗೆ ಹಾಕಿ, ಈ ಸಲ ಲಿವರನ್ನು ಕಣ್ಣಿಂದ ನೋಡಿಕೊಂಡೇ ರಿವರ್ಸ್ ಹಾಕಿದಾಗ ಗಾಡಿ ಉಸಿರೆಳೆದುಕೊಂಡು ಮೇಲೆ ಬಂತು.

ಅಪ್ಪಯ್ಯ ಅಷ್ಟು ಹೊತ್ತೂ ಕವಳ ಮೆಲ್ಲುತ್ತಾ ನೋಡುತ್ತಿದ್ದರು. ನಾನು ಬಚ್ಚಲಿನ ಕಡೆಗೆ ಹೊರಟಾಗ ಎದ್ದು, ಅಂಗಳದ ಅಂಚಿಗೆ ಹೋಗಿ ಉಗುಳಿ ಬಂದು ಕೇಳಿದರು: “ಐದನೇ ಗೇರು ಹಾಕಿ ನೋಡಿದೆಯಾ?”