ಒಂದು ನೋಟ್‌ಬುಕ್, ಹದಿನಾಲ್ಕು ಕೈ

ಆ ಫೋಟೋ ನಿಮಗೂ ಬಂದಿರುತ್ತದೆ. ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಹುಟ್ಟಿ, ಪೇಪರಿನ ಸ್ಥಳೀಯ ಪುಟದವರೆಗೂ ಹೋಯಿತು. ಒಂದು ನೋಟ್‌ಬುಕ್, ಅದನ್ನು ಹಿಡಿದ ಹದಿನಾಲ್ಕು ಕೈ. ಏಳು ಜನ ಎರಡೂ ಕೈಯಲ್ಲಿ ಹಿಡಿದಿದ್ದಾರೆ ಅಂದುಕೊಳ್ಳಬೇಡಿ. ಹದಿನಾಲ್ಕು ಜನ, ಒಬ್ಬೊಬ್ಬರದು ಒಂದೊಂದು ಕೈ. ಇನ್ನೊಂದು ಕೈ ಮುಂದಿನವರ ಹೆಗಲ ಮೇಲೆ, ಜಾಗ ತಪ್ಪಿ ಹೋಗದಿರಲಿ ಅಂತ. ಮಗು ಎಲ್ಲಿ ಅಂತ ಹುಡುಕಿದರೆ ಕೆಳಗೆ ಬಲಮೂಲೆಯಲ್ಲಿ ಒಂದು ಕೆಂಪು ರಿಬ್ಬನ್ ಕಾಣುತ್ತದೆ. ಆ ರಿಬ್ಬನ್ ಕೆಳಗೆ ಮಗು ಇದೆ. ನಾನು ಅಲ್ಲೇ ಇದ್ದೆ, ಅದಕ್ಕೇ ಗೊತ್ತು. ತುದಿಯಲ್ಲಿ ವಾಚ್ ಕಟ್ಟಿದ ಕೈ ಇದೆಯಲ್ಲ, ಅದು ನನ್ನದೇ.

ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಹಂಚಲು ನಮ್ಮ ಬಡಾವಣೆಯ ಸಂಘ ಎತ್ತಿದ ಚಂದಾಕ್ಕೆ ನಾನೂ ಎರಡು ಸಾವಿರ ರೂಪಾಯಿ ಕೊಟ್ಟಿದ್ದೆ. ಎರಡು ಸಾವಿರ ಕೊಟ್ಟವರು ‘ದಾನಿಗಳು’, ಐದು ಸಾವಿರ ಕೊಟ್ಟವರು ‘ಮಹಾದಾನಿಗಳು’, ಹತ್ತು ಕೊಟ್ಟವರು ‘ಕೊಡುಗೈ ದಾನಿಗಳು’. ಹಾಗಾದರೆ ನಾವು ಉಳಿದವರು ಯಾವ ಕೈಯಲ್ಲಿ ಕೊಟ್ಟೆವೋ ಗೊತ್ತಿಲ್ಲ. ರಸೀದಿ ಪುಸ್ತಕ ಹಿಡಿದು ಬಂದ ಅಧ್ಯಕ್ಷರು, "ಸಾರ್, ನೀವು ಸ್ಟೇಜ್ ಮೇಲೆ ಬರಲೇಬೇಕು, ಕುರ್ಚಿ ಹಾಕಿಸ್ತೀನಿ" ಅಂದರು. ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಕಾರ್ಯಕ್ರಮ ಹತ್ತು ಗಂಟೆಗೆ. ಮಕ್ಕಳನ್ನು ಒಂಬತ್ತೂವರೆಗೇ ಜಮಖಾನದ ಮೇಲೆ ಸಾಲಾಗಿ ಕೂರಿಸಿದ್ದರು. ಮುಖ್ಯ ಅತಿಥಿಗಳು ಬಂದದ್ದು 12.40ಕ್ಕೆ. ಈ ಮೂರು ಗಂಟೆ ಮಕ್ಕಳು ಏನು ಮಾಡಬೇಕು? ಒಬ್ಬ ಹುಡುಗ ಜಮಖಾನದ ದಾರ ಎಳೆಯುತ್ತಾ ಕೂತಿದ್ದ. ಅತಿಥಿಗಳು ಇನ್ನೊಂದು ಗಂಟೆ ತಡ ಮಾಡಿದ್ದರೆ ಜಮಖಾನ ಪೂರ್ತಿ ಬಿಚ್ಚುತ್ತಿದ್ದ. ನನ್ನ ಕುರ್ಚಿಯ ಪಕ್ಕ, ಸ್ಟೇಜಿನ ಕೆಳಗೆ, ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಫ್ಲೆಕ್ಸ್ ಓದುತ್ತಿದ್ದಳು. ಅದೇ ಕೆಂಪು ರಿಬ್ಬನ್. ಪೂರ್ತಿ ಓದಿದಳು. ಇಪ್ಪತ್ತೆರಡು ಮುಖ, ಇಪ್ಪತ್ತೆರಡು ಹೆಸರು, ಹೆಸರಿನ ಕೆಳಗಿನ ಬಿರುದು, ಎಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಅದು ತಪ್ಪು" ಅಂದಳು. ನೋಡಿದರೆ ಎರಡಡಿ ಅಕ್ಷರದಲ್ಲಿ ‘ಉಧ್ಘಾಟನೆ’ ಅಂತ ಬರೆದಿತ್ತು. "ದ ಹೊಟ್ಟೆ ಸೀಳಬಾರದು ಸಾರ್. ಘ ಮಾತ್ರ ಸೀಳಬೇಕು." ಸರ್ಕಾರಿ ಶಾಲೆ ಮಕ್ಕಳಿಗೆ ಓದೋಕೇ ಬರಲ್ಲ ಅಂತ ಟೀವಿಯಲ್ಲಿ ಗಂಟಲು ಹರಿದುಕೊಳ್ಳುವವರು ಆವತ್ತು ಅಲ್ಲಿರಬೇಕಿತ್ತು. ಬರೆಯೋಕೆ ಬರದವರು ಎಲ್ಲಿ ಓದಿದವರು ಅಂತ ನಾನು ವಿಚಾರಿಸಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಫ್ಲೆಕ್ಸಿನ ಮೇಲೆ ‘ಬಡ ಮಕ್ಕಳಿಗೆ ಉಚಿತ ನೋಟ್‌ಬುಕ್ ವಿತರಣೆ’ ಅಂತ ಇತ್ತು. ಅದನ್ನೂ ಓದಿದಳು. ಹಿಂದೆ ಗೇಟಿನ ಕಡೆ ಒಮ್ಮೆ ನೋಡಿದಳು. "ಸಾರ್, ಬಡ ಮಕ್ಕಳು ಇನ್ನೂ ಬಂದಿಲ್ವಾ?"

ನಾನು ನೀರು ಕುಡಿಯುವ ನೆಪ ಮಾಡಿ ಎದ್ದೆ.

ಈಗ ಲೆಕ್ಕಕ್ಕೆ ಬರೋಣ. ಖಜಾಂಚಿಗಳು ಪ್ರಾಮಾಣಿಕ ಮನುಷ್ಯ, ಜಮಾಖರ್ಚನ್ನು ಗ್ರೂಪಿಗೇ ಹಾಕಿದರು. ಸಂಗ್ರಹವಾದದ್ದು 48,500. ಶಾಲೆಯಲ್ಲಿ 160 ಮಕ್ಕಳು. ತಲಾ ನಾಲ್ಕು ನೋಟ್‌ಬುಕ್, ಒಂದಕ್ಕೆ 28 ರೂಪಾಯಿ, ಒಟ್ಟು 17,920. ಫ್ಲೆಕ್ಸ್ ಎರಡು, 2,800. ಶಾಮಿಯಾನ, ಕುರ್ಚಿ, ಮೈಕ್ 6,500. ಹದಿನಾಲ್ಕು ಜನರಿಗೆ ಶಾಲು, ಹಾರ, ಮೈಸೂರು ಪೇಟ 9,100. ನೆನಪಿನ ಕಾಣಿಕೆ 4,900. ಫೋಟೋ ಮತ್ತು ಡ್ರೋನ್ 4,000. ಅತಿಥಿಗಳ ತಿಂಡಿ 3,600. ಒಟ್ಟು 48,820. ಕೊರತೆ ಬಿದ್ದ 320 ರೂಪಾಯಿಯನ್ನು ಅಧ್ಯಕ್ಷರು ಸ್ವಂತ ಜೇಬಿನಿಂದ ಹಾಕಿದರಂತೆ. ಅದಕ್ಕೆ ಗ್ರೂಪಿನಲ್ಲಿ ಕೈಮುಗಿಯುವ ಗುರುತು ನಲವತ್ತು ಬಂದವು.

ಡ್ರೋನ್ ಯಾಕೆ ಅಂತ ಕೇಳಬೇಡಿ. ನಾನು ಕೇಳಿದೆ. "ಮೇಲಿಂದ ಮಕ್ಕಳು ಸಾಲಾಗಿ ಕೂತಿರೋದು ಚೆನ್ನಾಗಿ ಬರುತ್ತೆ ಸಾರ್" ಅಂದರು. ನಿಜ, ಬಂದಿದೆ. ಆ ದಾರ ಎಳೆಯುವ ಹುಡುಗ ಒಬ್ಬನೇ ತಲೆ ಎತ್ತಿ ನೋಡುತ್ತಿದ್ದಾನೆ.

ನಮ್ಮ ತಾತ ವಾರಾನ್ನದ ಊಟ ಮಾಡಿ ಓದಿದವರು. ಈಗಿನವರಿಗೆ ಆ ಪದವೇ ಗೊತ್ತಿರಲಿಕ್ಕಿಲ್ಲ. ಹಳ್ಳಿಯಿಂದ ಪೇಟೆಗೆ ಓದಲು ಬಂದ ಹುಡುಗ ವಾರದ ಏಳು ದಿನಕ್ಕೆ ಏಳು ಮನೆ ಹಿಡಿಯುತ್ತಿದ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ತಾತನಿಗೆ ಆರು ಮನೆ ಸಿಕ್ಕಿತ್ತು. ಗುರುವಾರ ಖಾಲಿ. ಎಂಬತ್ತು ದಾಟಿದ ಮೇಲೂ ಗುರುವಾರ ಬಂದರೆ ಒಂದು ತುತ್ತು ಜಾಸ್ತಿ ಉಣ್ಣುತ್ತಿದ್ದರು. ಅವರು ಹೇಳುತ್ತಿದ್ದ ಇನ್ನೊಂದು ಮಾತು ಶುಕ್ರವಾರದ ಮನೆಯ ಅಜ್ಜಿಯದು. ಆಕೆ ಬಡಿಸುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳಂತೆ. ಮೊದಲು ತಾತನಿಗೆ ಅವಮಾನ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಹುಡುಗ ಎಷ್ಟು ತಿನ್ನುತ್ತಾನೆ ಅಂತ ನೋಡಿದರೆ ಅವನಿಗೆ ಸಂಕೋಚ ಆಗುತ್ತದೆ ಅಂತ ಆಕೆ ಹಾಗೆ ಮಾಡುತ್ತಿದ್ದದ್ದು.

ಹಳೆಯ ಕಾಲ ಚಿನ್ನ ಅಂತ ಹೇಳುತ್ತಿಲ್ಲ. ವಾರಾನ್ನದ ಮನೆಯಲ್ಲಿ ಬಾವಿ ನೀರು ಸೇದಿಸುತ್ತಿದ್ದರು, ಎಮ್ಮೆ ಮೇಯಿಸಲು ಕಳಿಸುತ್ತಿದ್ದರು. ಮುಖ್ಯವಾಗಿ ಅದು ಎಲ್ಲರಿಗೂ ಸಿಗುತ್ತಿರಲಿಲ್ಲ. ಯಾವ ಜಾತಿಯ ಹುಡುಗ ಯಾವ ಮನೆಯ ಎಲೆ ಮುಂದೆ ಕೂರಬಹುದು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಹೊರಗೇ ನಿಂತವರಿಗೆ ಗುರುವಾರ ಮಾತ್ರವಲ್ಲ, ಏಳು ದಿನವೂ ಖಾಲಿ. ಹಾಸ್ಟೆಲುಗಳು, ಮಠಗಳ ದಾಸೋಹ ಬಂದ ಮೇಲೆ ಎಷ್ಟೋ ಮಕ್ಕಳು ಓದಿದರು. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಶಿವಕುಮಾರ ಸ್ವಾಮೀಜಿ 2019ರಲ್ಲಿ ತೀರಿಕೊಂಡಾಗ ಅವರಿಗೆ 111 ವರ್ಷ. ಆ ಶುಕ್ರವಾರದ ಅಜ್ಜಿಯ ಹೆಸರು ಮಾತ್ರ ತಾತನಿಗೂ ಗೊತ್ತಿರಲಿಲ್ಲ.

ಇನ್ನು ನಮ್ಮ ಹರೇಕಳ ಹಾಜಬ್ಬರ ಕಥೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶದವರು ಹಣ್ಣಿನ ಬೆಲೆ ಕೇಳಿದರೆ ಹೇಳಲು ಬರಲಿಲ್ಲ ಅನ್ನುವ ಒಂದೇ ಸಂಕಟಕ್ಕೆ ತಮ್ಮೂರಿನಲ್ಲಿ ಶಾಲೆ ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಸಿಕ್ಕಿದ ಸುದ್ದಿ ಬಂದಾಗ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರಂತೆ. ಪ್ರಶಸ್ತಿಯನ್ನು ಬರಿಗಾಲಲ್ಲೇ ಹೋಗಿ ತೆಗೆದುಕೊಂಡರು. ಪಾಪ, ಅವರಿಗೆ ಸಮಾಜಸೇವೆಯ ಕ್ರಮವೇ ಗೊತ್ತಿರಲಿಲ್ಲ. ಮೊದಲು ಫ್ಲೆಕ್ಸ್, ಆಮೇಲೆ ಶಾಲೆ ಅಲ್ವಾ? ನಮ್ಮ ಅಧ್ಯಕ್ಷರ ಕೈಗೆ ಸಿಕ್ಕಿದ್ದರೆ ಕಿತ್ತಳೆ ಬುಟ್ಟಿಗೂ ಡ್ರೋನ್ ಹಾರಿಸುತ್ತಿದ್ದರು.

ಹೊಸ ತಲೆಮಾರಿನ ಸೇವೆಯೇ ಬೇರೆ ಬಿಡಿ. ಅವರು ಶಾಲು ಹೊದೆಯುವುದಿಲ್ಲ, ಟೀಶರ್ಟ್ ಹಾಕುತ್ತಾರೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲು ಸಮಾಜಕ್ಕೆ ಖರ್ಚು ಮಾಡಬೇಕಲ್ಲ, ಆ ದುಡ್ಡಿನಲ್ಲಿ ಒಳ್ಳೆಯ ಕೆಲಸ ಬೇಕಾದಷ್ಟು ಆಗಿದೆ, ಇಲ್ಲ ಅನ್ನಲಾರೆ. ಆದರೆ ಶನಿವಾರ ಗೋಡೆಗೆ ಬಣ್ಣ ಬಳಿಯಲು ಬರುವವರ ವಿಷಯ ಬೇರೆ. ಇದೇ ಶಾಲೆಯ ಪೂರ್ವದ ಗೋಡೆಯ ಮೇಲೆ ಮೊದಲು ಒಬ್ಬರು ಜಿರಾಫೆ ಬರೆದರು. ಮುಂದಿನ ವರ್ಷ ಬೇರೆಯವರು ಬಂದು ಜಿರಾಫೆ ಅಳಿಸಿ ಸೌರಮಂಡಲ ಬರೆದರು. ಕಳೆದ ವರ್ಷ ಮೂರನೆಯವರು ಸೌರಮಂಡಲದ ಮೇಲೆ ಮತ್ತೆ ಜಿರಾಫೆ ಬರೆದರು. ಈಗ ಜಿರಾಫೆಯ ಹೊಟ್ಟೆಯಲ್ಲಿ ಶನಿಗ್ರಹದ ಬಳೆ ಮಸುಕಾಗಿ ಕಾಣುತ್ತದೆ. ಪಶ್ಚಿಮದ ಗೋಡೆಯನ್ನು ಯಾರೂ ಮುಟ್ಟಿಲ್ಲ. ಅಲ್ಲಿ ಶೌಚಾಲಯ ಇದೆ, ಬಾಗಿಲಿಗೆ ಚಿಲಕ ಇಲ್ಲ. ಚಿಲಕ ಹಾಕಲು ಒಬ್ಬ ಬಡಗಿ ಸಾಕು. ಮೂವತ್ತು ಜನ ಸಾಫ್ಟ್‌ವೇರ್ ಇಂಜಿನಿಯರುಗಳು ಒಂದು ಚಿಲಕ ಹಿಡಿದು ಫೋಟೋಗೆ ನಿಲ್ಲೋಕಾಗುತ್ತಾ?

ಹೆಡ್ ಮಿಸ್ ಹೇಳಿದರು, "ಬೇಡ ಅನ್ನೋಕಾಗಲ್ಲ ಸಾರ್. ಬಣ್ಣಕ್ಕೆ ಬಂದವರು ಒಂದು ಪ್ರಿಂಟರ್ ಕೊಡ್ತಾರೆ ಅಂತ ಕಾಯ್ತೀವಿ." ಪ್ರಿಂಟರ್ ಬಂತಾ ಅಂದೆ. "ಪ್ರಿಂಟರಿನ ಫೋಟೋ ಬಂತು."

ಭಾನುವಾರದ್ದು ಇನ್ನೊಂದು ಸೇವೆ. ಅನಾಥಾಶ್ರಮದಲ್ಲಿ ಮಗನ ಹುಟ್ಟುಹಬ್ಬ. ಹನ್ನೊಂದಕ್ಕೆ ಒಂದು ಕೇಕ್, ಹನ್ನೆರಡೂವರೆಗೆ ಒಂದು, ಸಂಜೆ ಎರಡು. ಪ್ರತಿ ಸಲವೂ ಮಕ್ಕಳು ಸಾಲಾಗಿ ನಿಂತು, ಹೆಸರೇ ಗೊತ್ತಿಲ್ಲದ ಹುಡುಗನಿಗೆ ಚಪ್ಪಾಳೆ ತಟ್ಟಿ ಹ್ಯಾಪಿ ಬರ್ತ್‌ಡೇ ಹಾಡಬೇಕು. ಆಮೇಲೆ ಅವರ ಮುಖಗಳು ಸ್ಟೇಟಸ್ಸಿಗೆ. ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಹೊರಹಾಕಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಯಾರು ಕೇಳುತ್ತಾರೆ? ಅಪ್ಪ ಅಮ್ಮ ಇಲ್ಲದ ಮಗು ಒಂದೇ ದಿನ ನಾಲ್ಕು ಸಲ ಬೇರೆಯವರ ಅಪ್ಪ ಅಮ್ಮ ಮಗನಿಗೆ ಕೇಕ್ ತಿನ್ನಿಸುವುದನ್ನು ನಿಂತು ನೋಡಬೇಕು. ಇದರಲ್ಲಿ ತಮಾಷೆ ಮಾಡುವಂಥದ್ದು ನನಗೇನೂ ಸಿಗುತ್ತಿಲ್ಲ.

ಸರ್ಕಾರವೂ ಒಮ್ಮೆ ಈ ಚಂದಾ ಆಟಕ್ಕೆ ಇಳಿದದ್ದು ನೆನಪಿರಬಹುದು. 2022ರ ಅಕ್ಟೋಬರ್. ಸರ್ಕಾರಿ ಶಾಲೆ ಮಕ್ಕಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಸುತ್ತೋಲೆ. ಕಡ್ಡಾಯ ಅಲ್ಲ, ಸ್ವಇಚ್ಛೆಯಿಂದ. ಸುತ್ತೋಲೆ ಹೊರಡಿಸಿ ಕೇಳುವ ಸ್ವಇಚ್ಛೆ! ಜನ ಬೈದರು, ವಾರ ತುಂಬುವ ಮೊದಲೇ ವಾಪಸ್ ಹೋಯಿತು. ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಪುಕ್ಕಟೆ ಅಂತ ಘೋಷಣೆ ಬಂದದ್ದೇ 2023ರ ರಾಜ್ಯೋತ್ಸವಕ್ಕೆ. ಅಂದರೆ ಅಲ್ಲಿವರೆಗೂ ಶಾಲೆಗೆ ಕರೆಂಟ್ ಬಿಲ್ ಬರುತ್ತಿತ್ತು. ಒಂದು ಸರ್ಕಾರಿ ಇಲಾಖೆಯ ದೀಪಕ್ಕೆ ಇನ್ನೊಂದು ಸರ್ಕಾರಿ ಕಂಪನಿಯ ಬಿಲ್ಲು, ಮಧ್ಯದಲ್ಲಿ ಹೆಡ್ ಮಾಸ್ಟರು. ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ದಿನ ನೋಡಿಯೇ ಇಟ್ಟಿರಬೇಕು.

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಎರಡು ಇದ್ದದ್ದು ಆರಾಯಿತು. ಮಗು ಸಿಪ್ಪೆ ಸುಲಿಯುತ್ತದೆ, ತಿನ್ನುತ್ತದೆ, ಆಡಲು ಓಡುತ್ತದೆ. ಮೊಟ್ಟೆಯ ಮೇಲೆ ಯಾರ ಮುಖವೂ ಇಲ್ಲ. ಇದನ್ನು ಬರೆಯುವಾಗಲೇ ಭಯ ಆಗುತ್ತಿದೆ, ನಮ್ಮ ಅಧ್ಯಕ್ಷರು ಓದಿ ಮೊಟ್ಟೆಗೆ ಸ್ಟಿಕ್ಕರ್ ಮಾಡಿಸಿಬಿಟ್ಟಾರು.

ಯಾಕೆಂದರೆ ನೋಟ್‌ಬುಕ್ಕಿನ ಮೇಲಂತೂ ಮುಖ ಇದೆ. ಮುಂದಿನ ರಟ್ಟಿನಲ್ಲಿ ಮುಖ್ಯ ಅತಿಥಿಗಳು ಕೈಮುಗಿದಿದ್ದಾರೆ. ಹಿಂದಿನ ರಟ್ಟಿನಲ್ಲಿ ಪದಾಧಿಕಾರಿಗಳು. ಮಗ್ಗಿ ಇರಬೇಕಾದ ಜಾಗ ಅದು. ನಾವೆಲ್ಲ ಹದಿನಾರರ ಮಗ್ಗಿ ಕಲಿತದ್ದು ಪುಸ್ತಕದ ಬೆನ್ನು ನೋಡಿಯೇ. ಈಗಿನ ಮಗು ಹದಿನಾರೊಂದ್ಲ ಹದಿನಾರು ಅಂತ ತಿರುಗಿಸಿದರೆ ಜಂಟಿ ಕಾರ್ಯದರ್ಶಿಗಳು ನಗುತ್ತಾರೆ.

ಹಾರ ತುರಾಯಿಗೆ ಹೋದ 30,900 ರೂಪಾಯಿಗೆ ಪುಸ್ತಕ ತಂದಿದ್ದರೆ ಒಬ್ಬೊಬ್ಬರಿಗೆ ಇನ್ನೂ ಆರಾರು ಬರುತ್ತಿತ್ತು ಅಂತ ಗ್ರೂಪಿನಲ್ಲಿ ಹಾಕಿದೆ. ನೋಡಿದವರ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆಮೇಲೆ ಯಾರೋ ಶುಭೋದಯದ ಗುಲಾಬಿ ಕಳಿಸಿದರು, ಮಧ್ಯಾಹ್ನ ಮೂರು ಗಂಟೆಗೆ. ನನಗೆ ಕೊಟ್ಟ ಪೇಟ ಇನ್ನೂ ಮನೆಯಲ್ಲೇ ಇದೆ. ಹೆಂಡತಿ ಅದರ ಮೇಲೆ ಟೀವಿ ರಿಮೋಟ್ ಇಡುತ್ತಾಳೆ.

ಮೊನ್ನೆ ಮಳೆ ಬಂದ ದಿನ ಶಾಲೆ ಕಡೆ ಹೋಗಿದ್ದೆ. ಹೋಗುವಾಗ ಒಂದು ಚಿಲಕ, ನಾಲ್ಕು ಸ್ಕ್ರೂ ತೆಗೆದುಕೊಂಡು ಹೋಗಿದ್ದೆ. ಅದನ್ನು ಹೇಳಿಕೊಂಡರೆ ನಾನೂ ಫ್ಲೆಕ್ಸ್ ಹಾಕಿದ ಹಾಗೇ ಆಯಿತು, ಇರಲಿ. ಬಿಸಿಯೂಟದ ಅಡುಗೆಮನೆಯಲ್ಲಿ ಸಾಂಬಾರ್ ಕುದಿಯುತ್ತಿತ್ತು. ತಲೆ ಎತ್ತಿದರೆ ಶೀಟಿನ ಕೆಳಗೆ ಆ ಫ್ಲೆಕ್ಸ್ ಬಿಗಿಯಾಗಿ ಕಟ್ಟಿದ್ದಾರೆ. ಇಪ್ಪತ್ತೆರಡು ಜನರೂ ಸಾಂಬಾರಿನ ಪಾತ್ರೆಯನ್ನೇ ನೋಡುತ್ತಾ ನಗುತ್ತಿದ್ದಾರೆ. ಹೊಗೆ ಹಿಡಿದು ಅಧ್ಯಕ್ಷರಿಗೆ ಮೀಸೆ ಬಂದಿದೆ. ‘ಉಧ್ಘಾಟನೆ’ಯ ಮೇಲೆ ಯಾರೋ ಚಾಕ್‌ಪೀಸಿನಲ್ಲಿ ಧ ಹೊಡೆದು ದ ಬರೆದಿದ್ದಾರೆ. ಅಷ್ಟು ಮೇಲೆ ಹೇಗೆ ಹತ್ತಿದಳೋ, ಅಥವಾ ಕಟ್ಟುವ ಮೊದಲೇ ಬರೆದಳೋ.

"ಒಳ್ಳೆ ಗಟ್ಟಿ ಐತೆ ಸಾರ್," ಅಂದರು ಅಡುಗೆಯ ಅಕ್ಕ, ಸೌಟು ಆಡಿಸುತ್ತಾ. "ಮುಂದಿನ ವರ್ಷ ಇನ್ನೊಂದು ನಾಲ್ಕಡಿ ಉದ್ದ ಮಾಡ್ಸೋಕೆ ಹೇಳಿ. ಅಕ್ಕಿ ಮೂಟೆ ಕಡೆ ಇನ್ನೂ ಸೋರುತ್ತೆ."