‘ಟೆನ್ಷನ್ ಮಾಡ್ಕೋಬೇಡಿ’ ಅಂದರೆ ಸಾಕಾ?

ಎರಡು ವರ್ಷದ ಹಿಂದೆ ಅಮ್ಮನ ಕೀಲುನೋವಿಗೆ ಡಾಕ್ಟರ್ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ನೋವೇನೋ ಇಳಿಯಿತು. ಆದರೆ ಯಾವತ್ತೂ ಶುಗರ್ ಇಲ್ಲದ ಅಮ್ಮನಿಗೆ ಊಟದ ನಂತರ 280 ಬಂತು. ಗಾಬರಿಯಾಗಿ ಓಡಿದೆವು. ‘ಇದು ನಮ್ಮ ದೇಹವೇ ಮಾಡುವ ಕಾರ್ಟಿಸೋಲ್ ಹಾರ್ಮೋನಿನ ಜಾತಿಯ ಮಾತ್ರೆ. ಅದು ಜಾಸ್ತಿಯಾದರೆ ಶುಗರ್ ಏರುತ್ತೆ’ ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಟೆನ್ಷನ್ ಆದಾಗ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಗಳಿಂದ ಹೊರಡುವುದೂ ಇದೇ ಕಾರ್ಟಿಸೋಲ್, ಜೊತೆಗೆ ಅಡ್ರಿನಲಿನ್. ನಾಯಿ ಅಟ್ಟಿಸಿಕೊಂಡು ಬಂದರೆ ಓಡೋಕೆ ಶಕ್ತಿ ಬೇಕಲ್ವಾ? ಅದಕ್ಕೇ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಬಿಪಿ ಏರುತ್ತದೆ. ನಾಯಿ ಹೋದ ಮೇಲೆ ಎಲ್ಲ ಇಳಿಯುತ್ತದೆ. ಆದರೆ ಸಾಲದ ಕಂತು ಅಟ್ಟಿಸಿಕೊಂಡು ಬಂದರೆ? ಅದು ತಿಂಗಳು ತಿಂಗಳೂ ಬರುತ್ತದೆ.

ಟೆನ್ಷನ್ನಿನ ಏಟು ಸ್ಟೀರಾಯ್ಡ್ ಮಾತ್ರೆಯಷ್ಟು ಜೋರಲ್ಲ, ನಿಜ. ಅದೊಂದರಿಂದಲೇ ಶುಗರ್ ಬಂತು ಅಂತ ಯಾರಿಗೂ ಹೇಳೋಕಾಗಲ್ಲ. ವಂಶ, ಬೊಜ್ಜು, ಸಿಗರೇಟು ಎಲ್ಲ ಸೇರಿರುತ್ತವೆ. ಆದರೂ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಹೃದ್ರೋಗ ತಜ್ಞ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನ, ಹಾರ್ಟ್ ಅಟ್ಯಾಕ್‌ನ 9 ಮುಖ್ಯ ಅಂಶಗಳ ಸಾಲಿನಲ್ಲಿ ಮಾನಸಿಕ ಒತ್ತಡವನ್ನೂ ಇಟ್ಟಿತು.

ನನ್ನನ್ನು ಹೆಚ್ಚು ಕಾಡಿದ್ದು ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ. ದೊಡ್ಡ ಸಾಹೇಬರಿಗೇ ಟೆನ್ಷನ್ ಜಾಸ್ತಿ ಅಂದುಕೊಳ್ಳುತ್ತೇವೆ. ಆದರೆ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತವರು ಕೆಳಗಿನ ದರ್ಜೆಯವರು! ಸಿಗರೇಟು, ಬಿಪಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ, ಮಾಡುವ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಿಗೆ ಹೃದಯದ ತೊಂದರೆ ಜಾಸ್ತಿ ಅಂತ ಕಂಡಿತು.

ಓದುವಾಗ ಅತ್ತಿಗೆಯ ಮುಖವೇ ಕಣ್ಣಮುಂದೆ ಬಂತು. ಗಾರ್ಮೆಂಟ್ಸ್ ಕೆಲಸ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ತಪ್ಪಿದರೆ ಎಲ್ಲರೆದುರು ಸೂಪರ್‌ವೈಸರ್ ಕೂಗಾಟ. 36ಕ್ಕೇ ಬಿಪಿ, ಶುಗರ್ ಎರಡೂ ಬಂದಿವೆ. ಆಸ್ಪತ್ರೆಯಲ್ಲಿ ‘ಟೆನ್ಷನ್ ಮಾಡ್ಕೋಬೇಡಮ್ಮ, ವಾಕಿಂಗ್ ಮಾಡು’ ಅಂದರಂತೆ. ಏನು ಕೆಲಸ, ಎಷ್ಟು ಹೊತ್ತು ನಿದ್ದೆ ಅಂತ ಯಾರೂ ಕೇಳಲಿಲ್ಲ. ಟೆನ್ಷನ್ ಅವರು ಸುಮ್ನೆ ಮಾಡ್ಕೊಂಡಿದ್ದಲ್ಲ. ಕೇಳಿದ್ದರೆ ತಿಳಿಯುತ್ತಿತ್ತು.

ಈಗ ಬೆಳಗಿನ ಅಡುಗೆ ಅಣ್ಣನದು. ಅತ್ತಿಗೆಗೆ ಒಂದು ಗಂಟೆ ಜಾಸ್ತಿ ನಿದ್ದೆ ಸಿಗುತ್ತಿದೆ. ಟಾರ್ಗೆಟ್ ಮಾತ್ರ ಹಾಗೇ ಇದೆ.